ನೀರು ಎಳೆಯುತ್ತಿದ್ದ ಜೆಟರ್

2024ರ ಮಾರ್ಚ್ ತಿಂಗಳು. ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಗಿ ಬಂದ ಬೇಸಿಗೆ ಅದು. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಮೂರು ದಿನದಿಂದ ನೀರಿರಲಿಲ್ಲ. ಟ್ಯಾಂಕರಿನವರು ಫೋನ್ ಎತ್ತುತ್ತಿರಲಿಲ್ಲ. ಎದುರಿಗೆ ಹೋಗಿ ನಿಂತರೆ ದಾಕ್ಷಿಣ್ಯಕ್ಕಾದರೂ ಕಳಿಸಿಯಾರು ಎಂದುಕೊಂಡು ಕೆಂಗೇರಿ ದಾಟಿ ಒಂದು ಟ್ಯಾಂಕರ್ ಯಾರ್ಡಿಗೆ ಹೋದೆ. ಲಾರಿಗಳ ಸಾಲಿನ ಹಿಂದೆ, ಹೊಂಗೆ ಮರದ ಕೆಳಗೆ, ಮುಂದಿನ ಒಂದು ಚಕ್ರವಿಲ್ಲದೆ ಸೈಜುಗಲ್ಲಿನ ಮೇಲೆ ಮೂತಿಯಿಟ್ಟು ಕೂತಿತ್ತು ಒಂದು ಟ್ರ್ಯಾಕ್ಟರ್. ಮೈತುಂಬ ಅಗ್ಗದ ನೀಲಿ ಬಣ್ಣ. ಸೀಟಿನ ಜಾಗದಲ್ಲಿ ಗೋಣಿಚೀಲ. ಆದರೆ ಬಾನೆಟ್ಟಿನ ಆ ಇಳಿಜಾರನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯಬಲ್ಲೆ. ಎಚ್‌ಎಂಟಿ ಜೆಟರ್ 2511. ನಮ್ಮೂರ ಬಾಯಲ್ಲಿ ‘ಜೀಟರ್’.

‘ಎರಡು ವರ್ಷದ ಹಿಂದಿನವರೆಗೂ ಟ್ಯಾಂಕ್ ಎಳೀತಿತ್ತು ಸಾರ್. ಎಂಜಿನ್ ಹಿಡ್ಕೊಂಡ್‌ಬಿಡ್ತು. ಗುಜರಿಯವನು ಸೋಮವಾರ ಬರ್ತಾನೆ’ ಎಂದ ಯಾರ್ಡಿನ ಹುಡುಗ.

ನೀರು ಕೇಳಲು ಹೋದವನು ಟ್ರ್ಯಾಕ್ಟರ್ ಕೊಂಡು ಬಂದೆ. ನೀರು ಮಾರನೇ ದಿನ ಬಂತು.

ಹಳೆಯ ಟ್ರ್ಯಾಕ್ಟರುಗಳನ್ನು ಹುಡುಕಿ ತಂದು ರಿಪೇರಿ ಮಾಡಿ ಇಟ್ಟುಕೊಳ್ಳುವುದು ಇಂಗ್ಲೆಂಡು, ಜರ್ಮನಿ, ಅಮೆರಿಕದಂಥ ಕಡೆ ದೊಡ್ಡ ಹವ್ಯಾಸ. ಅಲ್ಲಿ ಹಳೆಯ ಟ್ರ್ಯಾಕ್ಟರುಗಳಿಂದ ಉಳುವ ಪಂದ್ಯಗಳು ನಡೆಯುತ್ತವೆ. ನಮ್ಮಲ್ಲಿ ಹಳೆಯ ಕಾರುಗಳಿಗೆ ರ‍್ಯಾಲಿಗಳಿವೆ, ಸಂಘಗಳಿವೆ. 50 ವರ್ಷ ಮೀರಿದ ವಾಹನಗಳ ನೋಂದಣಿಗೆಂದು 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮಗಳನ್ನೇ ತಂದಿತು. ಅವನ್ನು ಓದಿದರೆ ಕಾರು, ಬೈಕುಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿದೆ. ಅದೂ ಸಹಜವೇ. ಕಾರಿಗೆ ಶೆಡ್ಡಿತ್ತು, ಒರೆಸುವ ಆಳಿದ್ದ. ಟ್ರ್ಯಾಕ್ಟರು ಮಳೆಯಲ್ಲಿ ನಿಂತು, ಸವೆದು, ಕೊನೆಗೆ ಕೆಜಿ ಲೆಕ್ಕದಲ್ಲಿ ಹೋಯಿತು. ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಈ ವ್ಯತ್ಯಾಸ ಹೊಸದೇನಲ್ಲ. ಅರಮನೆಯ ದಾಖಲೆ ಉಳಿಯುತ್ತದೆ, ಕಣದ ದಾಖಲೆ ಉಳಿಯುವುದಿಲ್ಲ.

ಕಬ್ಬಿಣ ನಮ್ಮ ನೆಲಕ್ಕೆ ಸುಲಭವಾಗಿ ಇಳಿದದ್ದಲ್ಲ. ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಅವರು ಕಬ್ಬಿಣದ ನೇಗಿಲು ಮಾಡಿದಾಗ ಕೊಳ್ಳುವವರೇ ಇರಲಿಲ್ಲ. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಎಂದು ರೈತರು ನಂಬಿದ್ದರು. ಎರಡು ವರ್ಷ ನೇಗಿಲುಗಳು ಹಾಗೇ ಬಿದ್ದಿದ್ದವಂತೆ. ಇದನ್ನು ಮೂಢನಂಬಿಕೆಯ ಕಥೆಯಾಗಿ ಹೇಳಿ ನಗುವುದು ರೂಢಿ. ನನಗೆ ಈಗ ಹಾಗೆ ನಗಲು ಆಗುವುದಿಲ್ಲ. ಮರದ ನೇಗಿಲು ಮುರಿದರೆ ಊರ ಆಚಾರಿ ಸಂಜೆಯೊಳಗೆ ಕೆತ್ತಿ ಕೊಡುತ್ತಿದ್ದ, ಕೂಲಿಗೆ ಸುಗ್ಗಿಯಲ್ಲಿ ರಾಗಿ ಅಳೆದರೆ ಆಯಿತು. ಕಬ್ಬಿಣದ ನೇಗಿಲು ಮುರಿದರೆ ರೊಕ್ಕ ಹಿಡಿದು ಪೇಟೆಗೆ ಹೋಗಬೇಕು. ವಿಷ ಎಂದದ್ದು ಬರೀ ಮಣ್ಣಿನ ಮಾತಾಗಿರಲಿಕ್ಕಿಲ್ಲ.

ಹಳೇ ಮೈಸೂರಿನಲ್ಲಿ ಇದೇ ಕೆಲಸಕ್ಕೆ ಹೆಗಲು ಕೊಟ್ಟವರು ಕೆನಡಾದಿಂದ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ ಎರಡು ದಶಕ ದುಡಿದು, ಹೆಬ್ಬಾಳದಲ್ಲಿ ಕೃಷಿ ಶಾಲೆ ಕಟ್ಟಿ, ಸುಧಾರಿತ ನೇಗಿಲುಗಳನ್ನು ರೈತರ ಮುಂದೆ ಹೂಡಿ ತೋರಿಸಿದ ಇಲಾಖೆ ಅದು. ಆಗ ಎಳೆಯುತ್ತಿದ್ದದ್ದು ಇನ್ನೂ ಎತ್ತುಗಳೇ.

ಎತ್ತಿನ ಜಾಗಕ್ಕೆ ಎಂಜಿನ್ ಬಂದ ಕಥೆ ಬೇರೆ. ಹೆನ್ರಿ ಫೋರ್ಡ್ 1917ರಿಂದ ಫೋರ್ಡ್‌ಸನ್ ಟ್ರ್ಯಾಕ್ಟರುಗಳನ್ನು ಕಾರಿನಂತೆಯೇ ಸಾಲಾಗಿ ತಯಾರಿಸತೊಡಗಿದ. ಆ ಕಾಲದ ಟ್ರ್ಯಾಕ್ಟರುಗಳು ನೇಗಿಲನ್ನು ಹಿಂದೆ ಕಟ್ಟಿಕೊಂಡು ಎಳೆಯುತ್ತಿದ್ದವು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಮೂತಿ ಮೇಲೆದ್ದು, ಇಡೀ ಯಂತ್ರ ಮಗುಚಿ ಓಡಿಸುವವನ ಮೇಲೇ ಬೀಳುತ್ತಿತ್ತು. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಇದಕ್ಕೆ ಕಂಡುಕೊಂಡ ಉಪಾಯವೇ ಇಂದು ಎಲ್ಲ ಟ್ರ್ಯಾಕ್ಟರುಗಳ ಹಿಂದೆ ಕಾಣುವ ಮೂರು ತೋಳುಗಳ ಜೋಡಣೆ. ನೇಗಿಲಿನ ಭಾರ ಹಿಂದಿನ ಚಕ್ರಕ್ಕೆ ಇಳಿಯುತ್ತದೆ, ಮೂತಿ ನೆಲ ಬಿಡುವುದಿಲ್ಲ, ಹಗುರ ಯಂತ್ರವೂ ಆಳವಾಗಿ ಉಳುತ್ತದೆ. 1946ರಿಂದ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಅವನ ಪುಟ್ಟ ಬೂದುಬಣ್ಣದ ಟಿಇ-20 ಐದು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಹೊಲದ ಮಧ್ಯೆ ಬಂಡೆ ತಲೆಯೆತ್ತಿರುವ ಮಾಗಡಿ ಸೀಮೆಯಲ್ಲಿ ಬೆಳೆದವನಿಗೆ ಈ ಮೂರು ತೋಳುಗಳ ಬೆಲೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕೇಂದ್ರ ಸರ್ಕಾರ ಸೆಂಟ್ರಲ್ ಟ್ರ್ಯಾಕ್ಟರ್ ಆರ್ಗನೈಸೇಷನ್ ಎಂಬ ಸಂಸ್ಥೆ ಮಾಡಿ, ಯುದ್ಧದಲ್ಲಿ ಅಮೆರಿಕದ ಸೈನ್ಯ ಬಿಟ್ಟುಹೋದ ಟ್ರ್ಯಾಕ್ಟರುಗಳನ್ನೇ ರಿಪೇರಿ ಮಾಡಿ ಮಧ್ಯ ಭಾರತದ ಕಾಸ್ ಹುಲ್ಲಿನ ಭೂಮಿಯನ್ನು ಉಳಲು ಕಳಿಸಿತು. 1949ರಲ್ಲಿ ವಿಶ್ವಬ್ಯಾಂಕು ಭಾರತಕ್ಕೆ ಕೊಟ್ಟ ಎರಡನೆಯ ಸಾಲವೇ ಈ ಕೆಲಸಕ್ಕೆ: ಒಂದು ಕೋಟಿ ಡಾಲರ್. ಮೊದಲನೆಯದು ರೈಲಿಗೆ. ಅಂದರೆ ಟ್ರ್ಯಾಕ್ಟರು ಮತ್ತು ಸಾಲ ಈ ದೇಶದಲ್ಲಿ ಜೊತೆಜೊತೆಯಾಗಿಯೇ ಬಂದವು. ಈ ಮಾತು ಮುಂದೆ ಮತ್ತೆ ಬರುತ್ತದೆ.

1951ರ ಗಣತಿಯಲ್ಲಿ ಇಡೀ ದೇಶದಲ್ಲಿ ಎಂಟು ಸಾವಿರ ಚಿಲ್ಲರೆ ಟ್ರ್ಯಾಕ್ಟರುಗಳು. ಹತ್ತು ವರ್ಷದಲ್ಲಿ ಅದು ಸುಮಾರು 31 ಸಾವಿರವಾಯಿತು. ಹೆಚ್ಚಿನವು ಹೊರದೇಶದ ಮಾಲು. ಕರ್ನಾಟಕದಲ್ಲಿ ಇವು ಕಂಡದ್ದು 1953ರಲ್ಲಿ ತುಂಗಭದ್ರೆಯ ನೀರು ಹರಿದ ಮೇಲೆ, ಗಂಗಾವತಿ, ಸಿಂಧನೂರಿನ ಎರೆಭೂಮಿಯಲ್ಲಿ. ಆಂಧ್ರದಿಂದ ಬಂದು ‘ಕ್ಯಾಂಪು’ಗಳಲ್ಲಿ ನೆಲೆಸಿದ ರೈತರು, ಜವಳಗೇರದಲ್ಲಿ ಕೇಂದ್ರ ಸರ್ಕಾರದ ದೊಡ್ಡ ಫಾರಂ, ಇವರಿಗೆ ಯಂತ್ರವಿಲ್ಲದೆ ಸಾಗುತ್ತಿರಲಿಲ್ಲ. ಅಪರೂಪದ ಮಾಲು ಹುಡುಕುವವರು ಈಗಲೂ ಮೊದಲು ಆ ಕಡೆಯ ಗುಜರಿಗಳಿಗೇ ಹೋಗುತ್ತಾರೆ.

ಆದರೆ ಹೊರದೇಶದ ಟ್ರ್ಯಾಕ್ಟರಿಗೆ ಒಂದು ಶಾಪ. ಬಿಡಿಭಾಗ ಸಿಗದು. ರಷ್ಯದ್ದು ಒಂದು, ಪೋಲೆಂಡಿನದು ಒಂದು, ಇಂಗ್ಲೆಂಡಿನದು ಇನ್ನೊಂದು. ಒಂದರ ಬೋಲ್ಟು ಇನ್ನೊಂದಕ್ಕೆ ಕೂರದು. ಈ ಅನಾಥ ಯಂತ್ರಗಳಿಗೆ ತಾಯಿಯಾದದ್ದು ನಗರಗಳ ಲೇತ್ ಅಂಗಡಿಗಳು. ಬೆಂಗಳೂರಿನಲ್ಲಿ ಎಂದರೆ ಪಶ್ಚಿಮದ ಬೀದಿಗಳು.

ಅದಕ್ಕೂ ಹಿನ್ನೆಲೆಯಿದೆ. ನೇಗಿಲು ಮಾರಲು ಪರದಾಡಿದ ಅದೇ ಕಿರ್ಲೋಸ್ಕರರ ಮನೆತನ 1941ರಲ್ಲಿ ಹರಿಹರದಲ್ಲಿ ‘ಮೈಸೂರು ಕಿರ್ಲೋಸ್ಕರ್’ ಹೆಸರಿನಲ್ಲಿ ಲೇತ್ ಮಾಡತೊಡಗಿತು. 1946ರಲ್ಲಿ ಬೆಂಗಳೂರಿಗೆ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಬಂತು. 1949ರಲ್ಲಿ ರಾಜಾಜಿಯವರ ಹೆಸರಿನಲ್ಲಿ ಕೈಗಾರಿಕಾ ಉಪನಗರವೊಂದು ಶುರುವಾಯಿತು. ಸಣ್ಣ ಸಣ್ಣ ಅಂಗಡಿಗಳು ಅಲ್ಲಿಂದ ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯದತ್ತ ಹಬ್ಬಿದವು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ರಾಜಾಜಿನಗರದಲ್ಲೇ ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರ ಆಯಿತು. ಇಂದಿಗೂ ಕಾಮಾಕ್ಷಿಪಾಳ್ಯದ ಅಡ್ಡರಸ್ತೆಯಲ್ಲಿ ನಡೆದರೆ ಒಂದು ಬಾಗಿಲಲ್ಲಿ ಗೇರ್ ಕಟಿಂಗ್, ಮುಂದಿನದರಲ್ಲಿ ಹಾರ್ಡನಿಂಗ್, ಅದರ ಪಕ್ಕದಲ್ಲಿ ಪ್ಲೇಟಿಂಗ್, ಎದುರಿಗೆ ಟೀ ಅಂಗಡಿ. ಏನು ಮುರಿದರೂ ಇನ್ನೂರು ಹೆಜ್ಜೆಯೊಳಗೆ ಮಾಡಿಸಬಹುದು.

ನಾನು ನಮ್ಮ ಜೆಟರನ್ನು ತಂದಿಳಿಸಿದ್ದೂ ಅಲ್ಲೇ, ಒಬ್ಬ ಮೇಸ್ತ್ರಿಯ ಶೆಡ್ಡಿನಲ್ಲಿ. ಅವರಿಗೆ ಎಪ್ಪತ್ತು ದಾಟಿದೆ. ಅವರ ಲೇತ್ ಹರಿಹರದ ಕಿರ್ಲೋಸ್ಕರ್. ಆ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಲೇತ್ ಮಾತ್ರ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗುತ್ತದೆ.

ಜೆಟರಿನ ಹುಟ್ಟಿನ ಬಗ್ಗೆ ಒಂದೆರಡು ಮಾತು, ಏಕೆಂದರೆ ಕಥೆ ಚೆನ್ನಾಗಿದೆ. ಜೆಕೊಸ್ಲೊವಾಕಿಯದ ಬ್ರನೋ ಊರಿನಲ್ಲಿದ್ದ ‘ಜ್ಬ್ರೊಯೋವ್ಕಾ’ ಒಂದು ಬಂದೂಕಿನ ಕಾರ್ಖಾನೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಬಳಸಿದ ಬ್ರೆನ್ ಗನ್ನಿನ ಮೂಲ ವಿನ್ಯಾಸ ಅಲ್ಲಿಯದೇ. ಬ್ರನೋದ ‘ಬ್ರ’, ಇಂಗ್ಲೆಂಡಿನ ಎನ್‌ಫೀಲ್ಡಿನ ‘ಎನ್’ ಸೇರಿ ಬ್ರೆನ್. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದೇ ಕಾರ್ಖಾನೆ ಟ್ರ್ಯಾಕ್ಟರು ತಂದಿತು. ಕಾರ್ಖಾನೆಯ ಹೆಸರಿನ ಮೊದಲಕ್ಷರ ‘ಜೆಟ್’, ಟ್ರ್ಯಾಕ್ಟರ್ ಎಂಬುದರ ಕೊನೆಯ ‘ಅರ್’. ಅರವತ್ತರ ದಶಕದಲ್ಲಿ ಅವರು ತಂದ ಹೊಸ ಸರಣಿಯಲ್ಲಿ ಎರಡು, ಮೂರು, ನಾಲ್ಕು ಸಿಲಿಂಡರಿನ ಟ್ರ್ಯಾಕ್ಟರುಗಳಿಗೆ ಆದಷ್ಟೂ ಒಂದೇ ಬಿಡಿಭಾಗಗಳು ಹೊಂದುವ ಹಾಗೆ ಮಾಡಿದರು. ಈ ಗುಣ ನಮ್ಮ ದೇಶಕ್ಕೆ ಹೇಳಿ ಮಾಡಿಸಿದ ಹಾಗಿತ್ತು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿ, ಯಂತ್ರ ಮಾಡುವ ಯಂತ್ರಗಳಿಂದ ಕೈಗಡಿಯಾರದವರೆಗೆ ಬಂದಿದ್ದ ಎಚ್‌ಎಂಟಿ, 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ 25 ಅಶ್ವಶಕ್ತಿಯ ಜೆಟರ್ 2511 ತಯಾರಿಸತೊಡಗಿತು. ಬೆಂಗಳೂರಿನವರಿಗೆ ಅದು ಹೇಗೋ ನಮ್ಮದೇ. ಮನೆಯ ಹಿರಿಯರ ಕೈಯಲ್ಲಿದ್ದ ಗಡಿಯಾರದ ಮೇಲಿನ ಅಕ್ಷರವೇ ಹೊಲದಲ್ಲೂ ಕಂಡಿತು.

ನಮ್ಮ ದೊಡ್ಡಪ್ಪ 1974ರಲ್ಲಿ ಜೀಟರ್ ತಂದರು. ಆಗ ಟ್ರ್ಯಾಕ್ಟರು ದುಡ್ಡಿದ್ದರೂ ಕೂಡಲೇ ಸಿಗುತ್ತಿರಲಿಲ್ಲ; ಮುಂಗಡ ಕಟ್ಟಿ ಸರದಿ ಕಾಯಬೇಕಿತ್ತು. ದೊಡ್ಡಪ್ಪ ಎರಡು ವರ್ಷ ಕಾದರು. ಮಾಗಡಿ ರಂಗನಾಥಸ್ವಾಮಿ ಜಾತ್ರೆಯಲ್ಲಿ ಎರಡು ಜೊತೆ ಹಳ್ಳಿಕಾರ್ ಎತ್ತು ಮಾರಿದರು. ಉಳಿದದ್ದಕ್ಕೆ ಜಮೀನು ಅಡವಿಟ್ಟರು. ಟ್ರ್ಯಾಕ್ಟರು ಬಂದ ದಿನ ಊರಿಗೇ ಹಬ್ಬ. ದೊಡ್ಡಮ್ಮ ಆರತಿ ಎತ್ತಿದ್ದು, ಚಕ್ರದ ಕೆಳಗೆ ನಿಂಬೆಹಣ್ಣು ಒಡೆದದ್ದು, ನಾವು ಮಕ್ಕಳು ಮಡ್‌ಗಾರ್ಡಿನ ಮೇಲೆ ಕೂರಲು ಹೊಡೆದಾಡಿದ್ದು ನನಗೆ ನೆನಪಿದೆ. ಅದೇ ವರ್ಷ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಯಾಗಿತ್ತು. ‘ಉಳುವವನೇ ಒಡೆಯ ಅಂತಾರಲ್ಲ, ಉಳೋನು ಈಗ ನೀನೋ ಇಲ್ಲಾ ಡ್ರೈವರೋ?’ ಎಂದು ಊರವರು ದೊಡ್ಡಪ್ಪನನ್ನು ಕಾಡುತ್ತಿದ್ದರು. ದೊಡ್ಡಪ್ಪ ಆ ಮಾತಿಗೆ ಹೆದರಿ ಡ್ರೈವರನ್ನೇ ಇಟ್ಟುಕೊಳ್ಳದೆ ತಾವೇ ಓಡಿಸಲು ಕಲಿತರು ಎಂದು ನನ್ನ ಗುಮಾನಿ.

ಒಂಬತ್ತು ಎಕರೆ ಖುಷ್ಕಿಗೆ 25 ಅಶ್ವಶಕ್ತಿ ಹೆಚ್ಚೇ. ಬಾಡಿಗೆ ಉಳುಮೆಯಿಂದ ಸಾಲ ತೀರುತ್ತದೆ ಎಂಬ ಲೆಕ್ಕ. ಬಾಡಿಗೆಯೂ ಬಂತು, ಆದರೆ ರಾಗಿಯ ರೂಪದಲ್ಲಿ, ‘ಮುಂದಿನ ಸುಗ್ಗಿಗೆ’ ಎಂಬ ಮಾತಿನ ರೂಪದಲ್ಲಿ. ಡೀಸೆಲಿನವನು ರಾಗಿ ತೆಗೆದುಕೊಳ್ಳುವುದಿಲ್ಲ, ಬ್ಯಾಂಕಿನವರಂತೂ ಮೊದಲೇ ಇಲ್ಲ. ಎತ್ತು ಹಸಿದರೆ ಮೇವು ಹೊಲದಲ್ಲಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಎರಡು ವರ್ಷ ಮಳೆ ಕೈಕೊಟ್ಟಿತು. ನರಗುಂದ, ನವಲಗುಂದದಲ್ಲಿ 1980ರಲ್ಲಿ ಗುಂಡು ಹಾರಿ ರೈತ ಸಂಘ ಕಟ್ಟಿಕೊಂಡ ಕಾಲ ಅದು. ಕೆಲವು ಊರುಗಳಲ್ಲಿ ರೈತರು ಜಪ್ತಿಯಾದ ಸಾಮಾನನ್ನು ಗುಂಪಾಗಿ ಹೋಗಿ ಮರುಜಪ್ತಿ ಮಾಡಿ ತರುತ್ತಿದ್ದರು. ನಮ್ಮೂರಲ್ಲಿ ಹಾಗೆ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ. ಒಂದು ಮಧ್ಯಾಹ್ನ ಇಬ್ಬರು ಬಂದು ಟ್ರ್ಯಾಕ್ಟರು ಓಡಿಸಿಕೊಂಡು ಹೋದರು. ದೊಡ್ಡಪ್ಪ ಆಮೇಲೆ ಎಂಟು ವರ್ಷ ಬದುಕಿದ್ದರು. ಎತ್ತು ಕಟ್ಟಲಿಲ್ಲ.

ಹಾಗಾಗಿ ನಾನು ಕೆಂಗೇರಿಯಿಂದ ಜೆಟರ್ ತಂದೆ ಎಂದಾಗ, ಈಗ ನಮ್ಮ ಮನೆಯಲ್ಲೇ ಇರುವ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: ‘ಅದ್ಯಾಕಪ್ಪ, ಆ ಶನಿನ ಮತ್ತೆ ಕರ್ಕೊಂಬಂದೆ?’

ನನ್ನ ಬಳಿ ಉತ್ತರವಿರಲಿಲ್ಲ. ಮೇಸ್ತ್ರಿ ಎಂಜಿನ್ ಬಿಚ್ಚತೊಡಗಿದ್ದರು.

ಹಿಡಿದುಹೋದ ಎಂಜಿನ್ನನ್ನು ಬಲವಂತ ಮಾಡಬಾರದು. ಇದು ಮೊದಲ ಪಾಠ. ಡೀಸೆಲ್, ಸೀಮೆಎಣ್ಣೆ ಬೆರೆಸಿ ಸಿಲಿಂಡರಿಗೆ ಸುರಿದು ಹದಿನೈದು ದಿನ ಮರೆತುಬಿಟ್ಟೆವು. ಆಮೇಲೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟುತ್ತಾ ಪಿಸ್ಟನ್ ಬಿಡಿಸಿದರು. ಒಂದು ಬಂತು. ಇನ್ನೊಂದಕ್ಕೆ ಮತ್ತೆ ಒಂದು ವಾರ. ಈ ಎಂಜಿನ್ನಿನಲ್ಲಿ ನೀರು ಸ್ಲೀವಿನ ಹೊರಮೈಗೇ ತಾಗಿಕೊಂಡು ಹರಿಯುತ್ತದೆ. ನೀರಿನ ಟ್ಯಾಂಕು ಎಳೆದವನಿಗೆ ಒಳ್ಳೆಯ ನೀರೇ ಸಿಕ್ಕಿರಲಿಲ್ಲ. ಬೋರ್‌ವೆಲ್ಲಿನ ಗಡಸುನೀರಿನ ಸುಣ್ಣ ಸ್ಲೀವಿನ ಹೊರಗೆ ಅರ್ಧ ಬೆರಳು ದಪ್ಪ ಕಟ್ಟಿತ್ತು. ಎಂಜಿನ್ ಕಾದು ಹಿಡಿದುಕೊಂಡದ್ದು ಅದಕ್ಕೇ.

ಬಿಚ್ಚಿದಷ್ಟೂ ಜೆಟರು ಕಡಿಮೆಯಾಗುತ್ತಾ ಹೋಯಿತು. ರೇಡಿಯೇಟರ್ ಲಾರಿಯದು. ಡೈನಮೋ ಇರಬೇಕಾದಲ್ಲಿ ಯಾವುದೋ ಕಾರಿನ ಆಲ್ಟರ್ನೇಟರ್, ಅದನ್ನು ಕೂರಿಸಲು ಆಂಗಲ್ ಕಬ್ಬಿಣ ಕತ್ತರಿಸಿ ಬೆಸೆದ ಪಟ್ಟಿ. ಮುಂದಿನ ಆಕ್ಸಲಿನ ಬುಷ್‌ಗಳು ಗನ್‌ಮೆಟಲ್ಲಿನವು, ಕೈಯಲ್ಲಿ ಕಡೆಸಿದವು. ಗೇರ್‌ಬಾಕ್ಸಿನ ಒಂದು ಶಾಫ್ಟ್ ಕಂಪನಿಯದಲ್ಲ. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ‘ಮೇಷ್ಟ್ರೇ, ಇದು ನಮ್ಮ ಕಡೆಯ ಕೆಲಸ. ಈ ಹಲ್ಲು ನೋಡಿ. ಕಂಪನಿಯವನು ಇಷ್ಟು ಪುರುಸೊತ್ತಾಗಿ ಮಾಡಲ್ಲ.’

ಇಲ್ಲಿ ನಮ್ಮಿಬ್ಬರಿಗೆ ಜಗಳ ಶುರುವಾಯಿತು. ಹವ್ಯಾಸಿಗಳ ಶಾಸ್ತ್ರದ ಪ್ರಕಾರ ಯಂತ್ರವನ್ನು ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗೆ ಮಾಡಬೇಕು. ನಾನೂ ಹಾಗೆಂದೇ ಹೊರಟವನು. ಜೆ.ಸಿ. ರಸ್ತೆಯ ಅಂಗಡಿಗಳು, ಭಾನುವಾರದ ಸಂಡೆ ಬಜಾರ್, ಪರಿಚಯದವರ ಪರಿಚಯದವರು, ಎಲ್ಲ ಕಡೆ ಅಸಲಿ ಭಾಗಗಳಿಗೆ ಹುಡುಕಾಡಿದೆ. ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ. ಅದಾದ ಮೇಲೆ ಅಸಲಿ ಮಾಲು ಕಮ್ಮಿಯಾಗುತ್ತಲೇ ಬಂದಿದೆ. ಡೈನಮೋ ಒಂದು ಸಿಕ್ಕಿತು, ಸೀಟು ಸಿಕ್ಕಿತು. ಶಾಫ್ಟೂ ಸಿಕ್ಕಿತು. ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. ‘ಹಳೇದು ಇನ್ನೂ ಇಪ್ಪತ್ತು ವರ್ಷ ಬರುತ್ತೆ. ಚೆನ್ನಾಗಿರೋದನ್ನ ಕಿತ್ತು ಎಸಿ ಅಂದ್ರೆ ನನ್ನ ಕೈಲಾಗಲ್ಲ’ ಎಂದು ಬೀಡಿ ಹಚ್ಚಿ ಹೊರಗೆ ಹೋದರು.

ಎರಡು ದಿನ ಮಾತಿಲ್ಲ. ಆ ಎರಡು ದಿನ ಯೋಚಿಸಿದಾಗ ನನಗೆ ನನ್ನ ಮೇಲೇ ನಗು ಬಂತು. ತಾಳೆಗರಿಯಲ್ಲಿ ಲಿಪಿಕಾರ ಅಂಚಿನಲ್ಲಿ ಗೀಚಿದ್ದೂ ದಾಖಲೆಯೇ ಎಂದು ಮೂವತ್ತು ವರ್ಷ ಹುಡುಗರಿಗೆ ಹೇಳಿದವನು ನಾನು. ಪಿಂಜೋರಿನಿಂದ ಹೊರಟ ದಿನದ 2511 ಹೇಗಿತ್ತು ಎಂಬುದು ಕಂಪನಿಯ ಕೈಪಿಡಿಯಲ್ಲಿದೆ. ಐವತ್ತು ವರ್ಷ ಅದು ಇಲ್ಲಿ ಹೇಗೆ ಬದುಕಿತು ಎಂಬುದು ಈ ಶಾಫ್ಟಿನಲ್ಲಿ, ಈ ಬುಷ್‌ಗಳಲ್ಲಿ, ಆ ಸುಣ್ಣದಲ್ಲಿ ಮಾತ್ರ ಇದೆ. ವಿಜಯನಗರವೂ ಬಸವೇಶ್ವರನಗರವೂ ನಮ್ಮ ಕಣ್ಣೆದುರೇ ಹೊಲ, ತೋಟ, ಕೆರೆಯಂಗಳ ನುಂಗಿ ಬೆಳೆದ ಬಡಾವಣೆಗಳು. ಸಿಐಟಿಬಿ, 1976ರ ನಂತರ ಬಿಡಿಎ, ಸೈಟು ಹಂಚುತ್ತಾ ಹೋದಂತೆ ಇಲ್ಲಿ ಟ್ರ್ಯಾಕ್ಟರಿಗೆ ಉಳಲು ನೆಲ ಉಳಿಯಲಿಲ್ಲ. ಅದು ಇಟ್ಟಿಗೆ ಎಳೆಯಿತು, ಮರಳು ಎಳೆಯಿತು, ಗಣೇಶನ ಮೆರವಣಿಗೆ ಎಳೆಯಿತು, ಕೊನೆಗೆ ನೀರು ಎಳೆಯಿತು. ಈ ನಗರದ ಪಶ್ಚಿಮ ಭಾಗದ ಎಷ್ಟೋ ಮನೆಗಳ ಗೋಡೆ ಬಂದದ್ದು ಟ್ರ್ಯಾಕ್ಟರಿನ ಹಿಂದೆ. ನಮ್ಮ ಮನೆಯದೂ ಹಾಗೇ.

ಮೂರನೇ ದಿನ ಹೋಗಿ ಹಳೆಯ ಶಾಫ್ಟೇ ಇರಲಿ ಎಂದೆ. ಆಲ್ಟರ್ನೇಟರಿನ ಪಟ್ಟಿಯೂ ಇರಲಿ ಎಂದೆ. ಸುಣ್ಣವೂ ಇರಲಿ ಎನ್ನಲು ಹೋದೆ, ಮೇಸ್ತ್ರಿ ಬಿಡಲಿಲ್ಲ. ರೇಡಿಯೇಟರ್ ವಿಷಯದಲ್ಲಿ ಮಾತ್ರ ನಾನು ಸೋಲಲಿಲ್ಲ. ಲಾರಿಯದು ಬಾನೆಟ್ಟಿನ ಮುಖವನ್ನೇ ಕೆಡಿಸಿತ್ತು.

ಎಂಜಿನ್ ಶುರುವಾದದ್ದು ದೀಪಾವಳಿ ಕಳೆದು ಒಂದು ವಾರಕ್ಕೆ. ಎರಡು ಸಿಲಿಂಡರಿನ ಸದ್ದಿಗೆ ಒಂದು ಕುಂಟುನಡಿಗೆಯಿದೆ, ‘ಡುಬ್ ಡುಬ್’ ಎಂದು, ಯಾರೋ ಅವಸರವಿಲ್ಲದೆ ರಾಗಿ ಬೀಸಿದ ಹಾಗೆ.

ಬಣ್ಣದ ಕೆಲಸ ಕೊನೆಗೆ. ಪೇಂಟರ್ ಹುಡುಗ ನೀರುಕಾಗದ ಹಿಡಿದು ಉಜ್ಜತೊಡಗಿದ. ನೀಲಿಯ ಕೆಳಗೆ ಹಸಿರು. ಹಸಿರಿನ ಕೆಳಗೆ ಕೆಂಪು. ಎಡ ಮಡ್‌ಗಾರ್ಡಿನ ಮೇಲೆ ಉಜ್ಜುತ್ತಿದ್ದವನು ನಿಲ್ಲಿಸಿ ನನ್ನನ್ನು ಕರೆದ. ಕೆಂಪಿನ ಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳು, ಅರ್ಧ ಅಳಿಸಿದವು: ‘ಹೈಪಾಥಿಕೇಟೆಡ್ ಟು’. ಮುಂದಿನ ಬ್ಯಾಂಕಿನ ಹೆಸರು ತುಕ್ಕಿಗೆ ಹೋಗಿತ್ತು. ಈ ಟ್ರ್ಯಾಕ್ಟರು ಯಾವ ಊರಿನದೋ, ಯಾರ ಮನೆಯದೋ.

‘ಪೂರ್ತಿ ಉಜ್ಜಿಬಿಡ್ಲಾ ಸಾರ್?’

ಬೇಡ ಎಂದೆ. ಅಷ್ಟು ಜಾಗ ಬಿಟ್ಟು ಸುತ್ತ ಬಣ್ಣ ಹೊಡೆದ. ಅವನಿಗೆ ಅದು ಸರಿಕಾಣಲಿಲ್ಲ, ಕೂಲಿ ತೆಗೆದುಕೊಳ್ಳುವಾಗಲೂ ಮುಖ ಗಂಟಿಕ್ಕಿಕೊಂಡೇ ಇದ್ದ.

ಒಂದು ಭಾನುವಾರ ಬೆಳಿಗ್ಗೆ ಮೇಸ್ತ್ರಿ ಜೆಟರನ್ನು ನಮ್ಮ ಮನೆ ಮುಂದೆ ತಂದು ನಿಲ್ಲಿಸಿದರು. ಅಕ್ಕಪಕ್ಕದ ಮಕ್ಕಳು ಸುತ್ತುವರಿದರು. ದೊಡ್ಡಮ್ಮ ಗೇಟಿನವರೆಗೆ ಬಂದು, ಗೋಡೆ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಮಡ್‌ಗಾರ್ಡಿನತ್ತ ಬೆರಳು ಮಾಡಿ, ‘ಅದೇನು ಬರ‍್ದವ್ರೆ?’ ಎಂದರು.

ಹೇಳಿದೆ.

‘ನಮ್ಮದ್ರ ಮ್ಯಾಲೂ ಇತ್ತು. ನಿಮ್ಮ ದೊಡ್ಡಪ್ಪ ಊರೊಳಗೆ ಬರೋವಾಗ ಅದರ ಮ್ಯಾಲೆ ಟವಲ್ ಹಾಕ್ಕೊಂಡೇ ಓಡಿಸ್ತಿದ್ರು’ ಎಂದರು.